ಊಟಕ್ಕೆ ಹೋಗುವವರು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳಲ್ಲಿ ಯಾವುದೊಂದರ ಬಸ್ ನಿಲ್ದಾಣದಲ್ಲಾದರೂ ಬಿಡುವಿನ ದಿನ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತು ನೋಡಬೇಕು. ಇಳಕಲ್ಲ ಸೀರೆಯ ಸೆರಗು ತಲೆಯ ಮೇಲೆ ಹೊದ್ದು, ಕೈಯಲ್ಲೊಂದು ಚೀಲ ಹಿಡಿದು, ಹತ್ತು-ಹನ್ನೆರಡು ಜನ ಹೆಂಗಸರು ಒಂದೆಡೆ ಕೂಡಿ ನಿಂತಿದ್ದರೆ ಎಲ್ಲಿಯೋ ಮಹಿಳಾ ಸಮಾವೇಶವಿದೆಯೆಂದು ತಿಳಿಯಬಹುದು. ಶ್ರಾವಣ ಮಾಸವಾದರೆ ಮಠದಲ್ಲಿ ಶರಣೆಯರ ಗೋಷ್ಠಿ. ಬೇರೆ ತಿಂಗಳಲ್ಲಾದರೆ ಅಕ್ಕನ ಬಳಗದ ಸಮ್ಮೇಳನ, ಇಲ್ಲವೆ ಸ್ತ್ರೀಶಕ್ತಿ ಗುಂಪುಗಳ ಕೂಟ. ಕ್ರೈಸ್ತ ಕುಟುಂಬಗಳವರಾದರೆ ಚರ್ಚಿನ ಸ್ತ್ರೀಯರ ಸಮ್ಮೇಳನ. ಹೆಸರು ಬೇರೆ, ಪ್ರಾರ್ಥನೆ ಬೇರೆ. ದಿನಚರಿ ಮಾತ್ರ ಒಂದೇ. ಬೆಳಗ್ಗೆ ಉದ್ಘಾಟನೆ, ಅನಂತರ ಒಂದೆರಡು ಪಾಠ, ಮಧ್ಯಾಹ್ನ ಊಟ, ಸಂಜೆ ವಂದನಾರ್ಪಣೆ. ಈ ಹೆಂಗಸರನ್ನು ಕಂಡು ಚಹಾದಂಗಡಿಯ ಬಾಕಿನ ಮೇಲೆ ಕುಳಿತ ಗಂಡಸರು ಆಡುವ ಮಾತೂ ಒಂದೇ: "ಬಸ್ಸೂ ಪುಕ್ಕಟ, ಊಟಾನೂ ಪುಕ್ಕಟ. ಊಟಕ್ಕ ಹೊಂಟಾರ, ಬಿಡ್ರಿ."

ಚಹಾದಂಗಡಿಯ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಬೇಕಾದುದಿಲ್ಲ. ಆದರೆ ಅದೇ ಮಾತು ಸ್ವಲ್ಪ ಇಸ್ತ್ರಿ ಮಾಡಿಸಿಕೊಂಡು ಕಾಲೇಜಿನ ಅಧ್ಯಾಪಕರ ಕೊಠಡಿಗೂ ವಕೀಲರ ಸಂಘಕ್ಕೂ ಪತ್ರಿಕೆಗಳ ಅಂಕಣಗಳಿಗೂ ಬರುತ್ತಿದೆ. ೨೦೨೩ರ ಜೂನ್ ೧೧ರಿಂದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲವೆಂದಾದ ಮೇಲಂತೂ ಇದಕ್ಕೊಂದು ಅರ್ಥಶಾಸ್ತ್ರವೂ ಸಿಕ್ಕಿದೆ. 'ಸಮಾವೇಶಗಳಿಂದ ಆಗುವುದೇನು? ಊಟ ಮಾಡಿ ಬರುತ್ತಾರೆ, ಅಷ್ಟೆ' ಎಂದು ವಿದ್ಯಾವಂತರು ತಲೆಯಾಡಿಸುತ್ತಾರೆ. ಈ ಮಾತಿಗೆ ಉತ್ತರ ಹೇಳುವವರು ಕೂಡ ಬೆದರಿ, 'ಇಲ್ಲ, ಇಲ್ಲ, ಅವರು ಜ್ಞಾನಕ್ಕಾಗಿ ಹೋಗುತ್ತಾರೆ, ಊಟ ನೆಪ ಮಾತ್ರ' ಎಂದು ಸಮಜಾಯಿಷಿ ಕೊಡುತ್ತಾರೆ.

ನಾನು ಹೇಳಬೇಕೆಂದಿರುವುದು ಇದಕ್ಕೆ ತಿರುಗುಮುರುಗು. ಈ ಸಮಾವೇಶಗಳಲ್ಲಿ ಗೌರವಕ್ಕೆ ಯೋಗ್ಯವಾದದ್ದು ಯಾವುದಾದರೂ ಇದ್ದರೆ ಅದು ಊಟವೇ. ನಾಚಿಕೆಪಡಬೇಕಾದದ್ದು ಪಾಠ. ಹೆಂಗಸರು ಊಟಕ್ಕಾಗಿ ಹೋಗುತ್ತಾರೆಂಬುದು ನಿಜವೇ ಆಗಿದ್ದರೆ ಆ ಅಪವಾದ ಊಟದ ಮೇಲಲ್ಲ, ಹೆಂಗಸರ ಮೇಲೂ ಅಲ್ಲ. ಅವರ ಕಿವಿಗೆ ಬೀಳುವ ಉಪದೇಶದ ಮೇಲೆ.

ಮೊದಲು ಊಟದ ವಿಚಾರ. ಕೇಂದ್ರ ಸರಕಾರದ ಅಂಕಿ-ಅಂಶ ಇಲಾಖೆಯವರು ೨೦೧೯ರಲ್ಲಿ ದೇಶದ ಜನ ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ಲೆಕ್ಕ ಹಾಕಿದರು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ ೨೯೯ ನಿಮಿಷ ವೆಚ್ಚ ಮಾಡುತ್ತಾರೆ; ಗಂಡಸರಲ್ಲಿ ಮನೆಗೆಲಸಕ್ಕೆ ಕೈಹಚ್ಚುವವರೇ ನೂರಕ್ಕೆ ೨೬ ಮಂದಿ, ಅವರೂ ಕೊಡುವುದು ೯೭ ನಿಮಿಷ. ಐದು ಗಂಟೆಯ ಈ ದುಡಿಮೆಯಲ್ಲಿ ಬಹುಪಾಲು ಒಲೆಯ ಮುಂದೆ ಕಳೆಯುತ್ತದೆಂಬುದನ್ನು ಹೇಳಲು ಇಲಾಖೆ ಬೇಕಾಗಿಲ್ಲ. ನಮ್ಮ ಕಡೆ ಜೋಳದ ರೊಟ್ಟಿ ಎಂದರೆ ಹಿಟ್ಟು ಕಲಸಿ, ನಾದಿ, ಒಂದೊಂದನ್ನೂ ಅಂಗೈಯಿಂದ ಬಡಿದು ಬೇಯಿಸತಕ್ಕದ್ದು. ಎಂಟು ಜನರ ಮನೆಯಲ್ಲಿ ಎರಡು ಹೊತ್ತಿಗೆ ಎಷ್ಟು ರೊಟ್ಟಿಯಾಯಿತೆಂಬುದನ್ನು ಬಾಕಿನ ಮೇಲಿನ ಮಹನೀಯರು ಎಂದಾದರೂ ಎಣಿಸಿದ್ದಾರೆಯೆ? ಎಣಿಸಬೇಕಾದ ಪ್ರಸಂಗ ಅವರಿಗೆ ಬಂದಿಲ್ಲ, ಅವರು ತಿಂದವರು.

ಬಡಿದವಳು ಕೊನೆಗೆ ಉಣ್ಣುತ್ತಾಳೆ. ಗಂಡ ಉಂಡು, ಅತ್ತೆ-ಮಾವ ಉಂಡು, ಮಕ್ಕಳು ಉಂಡು, ಬುಟ್ಟಿಯಲ್ಲಿ ಉಳಿದದ್ದು ಅವಳ ಪಾಲು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ೨೦೧೯-೨೧ರಲ್ಲಿ ಕಂಡಂತೆ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಅನೇಕ. ಆದರೆ ಕೊನೆಗೆ ಉಣ್ಣುವ ಪದ್ಧತಿಯೂ ಅವುಗಳಲ್ಲಿ ಒಂದು ಅಲ್ಲವೆಂದು ಯಾರು ಹೇಳಬಲ್ಲರು? ಇಂಥ ಹೆಂಗಸು ವರ್ಷಕ್ಕೊಮ್ಮೆಯೋ ಎರಡು ಸಲವೋ ಹಾಸಿದ ಜಮಖಾನದ ಮೇಲೆ ಸಾಲಾಗಿ ಕುಳಿತುಕೊಳ್ಳುತ್ತಾಳೆ. ತಾನು ಮಾಡದ ಅನ್ನ, ತಾನು ಬಡಿಯದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗೋದಿ ಹುಗ್ಗಿ ಅವಳ ಮುಂದಿನ ಎಲೆಗೆ ಬಿಸಿಯಾಗಿ ಬರುತ್ತವೆ. 'ಇನ್ನಷ್ಟು ಹಾಕಲೇನು ಯವ್ವಾ?' ಎಂದು ಯಾರೋ ಕೇಳುತ್ತಾರೆ. ಉಂಡಾದ ಮೇಲೆ ಅರ್ಧ ಗಂಟೆ ಪಕ್ಕದೂರಿನವಳೊಡನೆ ಸೊಸೆಯ ಬಾಣಂತನದ, ಮಗನ ದುಡಿಮೆಯ, ಗಂಡನ ಕುಡಿತದ ಮಾತಾಡುತ್ತಾಳೆ. ಇದಕ್ಕಾಗಿ ಅವಳು ಹೋದರೆ ಅದರಲ್ಲಿ ನಗುವಂಥದ್ದೇನಿದೆ? ಮದುವೆಗೆ, ಜಾತ್ರೆಗೆ, ರಾಜಕೀಯ ಸಭೆಗೆ ಗಂಡಸರು ಹೋಗುವಾಗ ಊಟವನ್ನು ಮನೆಯಿಂದ ಕಟ್ಟಿಕೊಂಡು ಹೋಗುತ್ತಾರೆಯೆ?

ಇನ್ನೂ ಒಂದು ಮಾತಿದೆ. ಬಸವಣ್ಣನವರು ಹುಟ್ಟಿದ ನೆಲದಲ್ಲಿ ನಿಂತು ಊಟವನ್ನು ಹಳಿಯುವುದು ನೆಲದ ಗುಣವನ್ನೇ ಮರೆತಂತೆ. ಶರಣರು ಅನುಭಾವವನ್ನೂ ದಾಸೋಹವನ್ನೂ ಬೇರೆ ಮಾಡಿದವರಲ್ಲ. ಜೊತೆಗೆ ಕುಳಿತು ಉಣ್ಣದವರ ಜೊತೆಗೆ ಕುಳಿತು ತಿಳಿಯುವುದೂ ಆಗದೆಂದು ಅವರು ಅರಿತಿದ್ದರು. ಜಾತಿಯ ಗೋಡೆಗಳು ಮಾತಿನಿಂದ ಬಿದ್ದವೋ ಇಲ್ಲವೋ, ಬಿದ್ದಷ್ಟು ಪಂಕ್ತಿಯಲ್ಲಿ ಬಿದ್ದವು. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಒಂದು ಓಣಿಯ ಹೆಂಗಸು ಇನ್ನೊಂದು ಓಣಿಯವಳ ಪಕ್ಕದಲ್ಲಿ ಕುಳಿತು ಉಣ್ಣುವ ಸಂದರ್ಭಗಳು ಬೆರಳೆಣಿಕೆಯವು. ಅವುಗಳಲ್ಲಿ ಈ ಸಮಾವೇಶಗಳ ಊಟವೂ ಒಂದು. ಚರ್ಚಿನವರು ಇದನ್ನು 'ಪ್ರೀತಿಭೋಜನ'ವೆನ್ನುತ್ತಾರೆ, ಮಠದವರು 'ಪ್ರಸಾದ'ವೆನ್ನುತ್ತಾರೆ. ಎರಡೂ ಒಳ್ಳೆಯ ಮಾತುಗಳೇ.

ಊಟದ ಪಕ್ಷ ಇಷ್ಟಾಯಿತು. ಇನ್ನು ಪಾಠದ ಕಡೆಗೆ ಬರೋಣ.

ಯಾವುದಾದರೂ ಒಂದು ಮಹಿಳಾ ಸಮಾವೇಶದ ಆಹ್ವಾನಪತ್ರಿಕೆಯನ್ನು ವಾಚಕರು ಕೈಗೆತ್ತಿಕೊಂಡು ನೋಡಬೇಕು. ಅದರಲ್ಲಿ ದಿವ್ಯ ಸಾನ್ನಿಧ್ಯ, ಸಮ್ಮುಖ, ನೇತೃತ್ವ, ಉದ್ಘಾಟನೆ, ಅಧ್ಯಕ್ಷತೆ, ಉಪನ್ಯಾಸ, ಮುಖ್ಯ ಅತಿಥಿ ಎಂಬ ತಲೆಬರಹಗಳ ಕೆಳಗೆ ಸಾಮಾನ್ಯವಾಗಿ ಕಾಣುವುದು ಪುರುಷರ ಹೆಸರುಗಳು. ಹೆಂಗಸರ ಹೆಸರುಗಳಿಲ್ಲವೆಂದಲ್ಲ. ಪ್ರಾರ್ಥನೆ, ಸ್ವಾಗತ, ನಿರೂಪಣೆ, ವಂದನಾರ್ಪಣೆ ಇವು ಅವರ ಪಾಲು. ಕೊನೆಯಲ್ಲಿ 'ಉಪಸ್ಥಿತಿ' ಎಂದೊಂದು ಸಾಲು. ಅಂದರೆ ಬಂದು ಕುಳಿತಿದ್ದರೆ ಸಾಕು, ಬಾಯಿ ತೆರೆಯಬೇಕಾದುದಿಲ್ಲ. ಎಂ.ಎ. ಓದಿ ಇಪ್ಪತ್ತು ವರ್ಷ ಕನ್ನಡ ಕಲಿಸಿದ ನನ್ನಂಥವಳೂ ಅನೇಕ ಸಲ ಈ 'ಉಪಸ್ಥಿತಿ'ಯ ಸಾಲಿನಲ್ಲಿ ಶೋಭಿಸಿದ್ದುಂಟು. ಒಂದೂರಿನಲ್ಲಿ ವಚನಕಾರ್ತಿಯರನ್ನು ಕುರಿತು ಇಪ್ಪತ್ತು ನಿಮಿಷ ಮಾತಾಡಬೇಕೆಂದು ಕರೆದಿದ್ದರು. ಮುಂಚಿನ ಭಾಷಣಗಳು ಬೆಳೆದು, ನನ್ನ ಸರದಿ ಬರುವ ವೇಳೆಗೆ ಸಂಘಟಕರು ಬಂದು, "ಅಕ್ಕಾರ, ಐದು ಮಿನಿಟಿನ್ಯಾಗ ಮುಗಸ್ರಿ, ಅಡಿಗಿ ಆರತೈತಿ" ಎಂದರು. ಅಡಿಗೆ ಆರಬಾರದೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆರುವ ಅಡಿಗೆಯ ಚಿಂತೆ ಮೊದಲ ಮೂವರು ಮಹನೀಯರು ಮಾತಾಡುವಾಗ ಯಾರಿಗೂ ಬಂದಿರಲಿಲ್ಲ.

ಇನ್ನು ಪಾಠಗಳ ವಿಷಯ: 'ಆದರ್ಶ ಗೃಹಿಣಿ', 'ಕುಟುಂಬದ ನೆಮ್ಮದಿಯಲ್ಲಿ ತಾಯಿಯ ಪಾತ್ರ', 'ಮಕ್ಕಳಿಗೆ ಸಂಸ್ಕಾರ', 'ಸಹನೆಯೇ ಸ್ತ್ರೀಗೆ ಭೂಷಣ'. ಚರ್ಚಿನಲ್ಲಾದರೆ 'ದೈವಭಕ್ತೆಯಾದ ಪತ್ನಿ'. ತಾಳಿಕೊಳ್ಳಬೇಕು, ಹೊಂದಿಕೊಳ್ಳಬೇಕು, ಸುಧಾರಿಸಿಕೊಳ್ಳಬೇಕು, ಇದೇ ಸಾರ. ಇದನ್ನು ಹೇಳುವವರು ಗಂಡಸರು. ಕೇಳುವವರು ಅಂದು ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಮನೆಯವರ ಬುತ್ತಿ ಕಟ್ಟಿಟ್ಟು ಬಂದವರು. ಈಜು ಕಲಿಯದವನು ಮೀನಿಗೆ ಈಜು ಕಲಿಸಿದ ಹಾಗೆ! ಸಹನೆಯ ಪಾಠ ಬೇಕೇ ಆಗಿದ್ದರೆ ಅದನ್ನು ಆ ಹೆಂಗಸರ ಗಂಡಂದಿರಿಗೆ ಒಂದು ದಿನ ಕರೆದು ಹೇಳಬಾರದೇಕೆ? 'ಆದರ್ಶ ಗೃಹಸ್ಥ' ಎಂಬ ಪುರುಷರ ಸಮಾವೇಶ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಯಾದರೂ ನಡೆದದ್ದನ್ನು ನಾನು ಕೇಳಿಲ್ಲ.

ವಿಪರ್ಯಾಸವೆಂದರೆ ಈ ಉಪದೇಶ ನಡೆಯುವುದು ಅಕ್ಕಮಹಾದೇವಿಯ ಚಿತ್ರದ ಕೆಳಗೆ. ತನಗೊಪ್ಪದ ಸಂಸಾರವನ್ನು ತೊರೆದು, ಉಡುತಡಿಯಿಂದ ಕಲ್ಯಾಣದವರೆಗೆ ಒಬ್ಬಳೇ ನಡೆದುಬಂದವಳು ಅಕ್ಕ. ಅವಳ ಚಿತ್ರಕ್ಕೆ ಹೂ ಹಾಕಿ, ಅವಳ ಹೆಸರಿನ ಬಳಗದಲ್ಲಿ ಕೂಡಿಸಿ, 'ಗಂಡನ ಮನೆ ಬಿಟ್ಟು ಹೊರಗೆ ಹೆಜ್ಜೆ ಇಡಬೇಡಿರಿ' ಎನ್ನುವುದಕ್ಕೆ ಬಹಳ ಧೈರ್ಯ ಬೇಕು. ಕಲ್ಯಾಣದಲ್ಲಿ ಅಕ್ಕನಿಗೆ ದೊರೆತ 'ಪಾಠ' ಎಂಥದು? ಹದಿನೈದನೆಯ ಶತಮಾನದಲ್ಲಿ ಕೂಡಿಸಿದ ಶೂನ್ಯಸಂಪಾದನೆಯನ್ನು ತೆರೆದು ನೋಡಿದರೆ ತಿಳಿಯುತ್ತದೆ. ಅಲ್ಲಮಪ್ರಭು ಅವಳಿಗೆ ಪ್ರಶ್ನೆ ಹಾಕುತ್ತಾನೆ; ಅವಳು ಉತ್ತರ ಕೊಡುತ್ತಾಳೆ. ಅವನು ಮತ್ತೆ ಕೆಣಕುತ್ತಾನೆ. ಅವಳು ಮತ್ತೆ ಎದುರು ನಿಲ್ಲುತ್ತಾಳೆ. ಕೊನೆಗೆ ಸಭೆಯೇ ತಲೆಬಾಗುತ್ತದೆ. ಮುಕ್ತಾಯಕ್ಕನೂ ಅಲ್ಲಮನೊಡನೆ ಹೀಗೆಯೇ ವಾದಕ್ಕೆ ನಿಂತವಳು. ಗೋಷ್ಠಿಯೆಂದರೆ ಇದು. ಒಬ್ಬರು ಗಂಟೆಗಟ್ಟಲೆ ಹೇಳಿ ಉಳಿದವರು ಸೆರಗಿನ ಮರೆಯಲ್ಲಿ ಆಕಳಿಸುವುದಕ್ಕೆ ಗೋಷ್ಠಿಯೆಂದು ಹೆಸರಿಡುವುದು ಆ ಶಬ್ದಕ್ಕೆ ಮಾಡುವ ಅನ್ಯಾಯ.

ಹನ್ನೆರಡನೆಯ ಶತಮಾನದಲ್ಲಿ ವಚನ ರಚಿಸಿದ ಶರಣೆಯರು ಮೂವತ್ತಕ್ಕೂ ಮಿಕ್ಕಿ ಇದ್ದಾರೆ. ಅವರಲ್ಲಿ ರಾಟೆ ತಿರುಗಿಸುವ ಕದಿರ ರೆಮ್ಮವ್ವೆ ಇದ್ದಾಳೆ, ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆ ಇದ್ದಾಳೆ, ಅಂಗಳ ಗುಡಿಸುವ ಸತ್ಯಕ್ಕ ಇದ್ದಾಳೆ, ಸೂಳೆಯ ಬಾಳಿನಿಂದ ಬಂದ ಸಂಕವ್ವೆಯೂ ಇದ್ದಾಳೆ. ಹೆಚ್ಚಿಗೆ ಅಕ್ಕಿ ಆಯ್ದು ತಂದ ಗಂಡನನ್ನು ಬಾಗಿಲಲ್ಲಿಯೇ ತಡೆದು, ಅದನ್ನು ಮರಳಿ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಇವರೆಲ್ಲ ಒಲೆಯ ಮುಂದಿನಿಂದ, ಒರಳಿನ ಮುಂದಿನಿಂದ ಎದ್ದುಬಂದು ಮಾತಾಡಿದವರು. ನಮ್ಮ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿಯೇ ಈ ಮಾತಿಗೆ ಸಾಕ್ಷಿಯಿದೆ. ಅಕ್ಕನಾಗಮ್ಮನಿಗಿಲ್ಲದ ಜನಿವಾರ ತನಗೂ ಬೇಡವೆಂದು ಬಾಲಕ ಬಸವಣ್ಣ ಮನೆ ಬಿಟ್ಟನೆಂದು ಬಾಗೇವಾಡಿಯ ಕಥೆ ಹೇಳುತ್ತದೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ, ನೀಲಾಂಬಿಕೆಯ ಐಕ್ಯಸ್ಥಳವಿದೆ. ಕೂಡಲಸಂಗಮಕ್ಕೆ ಬರಬೇಕೆಂದು ಬಸವಣ್ಣನವರು ಹೇಳಿಕಳಿಸಿದಾಗ, ಅಲ್ಲಿರುವ ದೇವರು ಇಲ್ಲಿಲ್ಲವೇ ಎಂಬರ್ಥದಲ್ಲಿ ಆಕೆ ಮರುನುಡಿದು ಅಲ್ಲಿಯೇ ಐಕ್ಯಳಾದಳೆಂದು ಐತಿಹ್ಯ. ಗಂಡನ ಕರೆಗೂ ತನ್ನ ವಿಚಾರದಿಂದ ಉತ್ತರ ಕೊಟ್ಟ ಹೆಂಗಸು! ಇದೇ ಜಿಲ್ಲೆಯಲ್ಲಿ ವಕೀಲಿ ಮಾಡುತ್ತ ಡಾ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ಅಲೆದರು. ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುದ್ರಣಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಶರಣೆಯರ ಮಾತು ಮರಳಿ ಜನರ ಕಿವಿಗೆ ಬೀಳಲೆಂದು ಅವರು ಪಟ್ಟ ಪಾಡು ಅದು. ಆ ಮಾತು ಬಿದ್ದ ಮೇಲೂ ಹೆಂಗಸರ ಬಾಯಿ ಮುಚ್ಚಿಯೇ ಇರಬೇಕೆಂದರೆ ಆ ಮನೆ ಮಾರಿದ್ದು ಯಾತಕ್ಕೆ?

ಇದು ಮಠಗಳಿಗೆ ಮಾತ್ರ ಹೇಳಿದ ಮಾತಲ್ಲ. ಬಾಸೆಲ್ ಮಿಶನ್ನಿನವರು ೧೮೫೧ರಲ್ಲಿ ಗುಳೇದಗುಡ್ಡದಲ್ಲಿಯೂ ೧೮೮೫ರಲ್ಲಿ ವಿಜಯಪುರದಲ್ಲಿಯೂ ನೆಲೆಯೂರಿದ ಮೇಲೆ ನಮ್ಮ ಸೀಮೆಯಲ್ಲಿ ಬೆಳೆದ ಕ್ರೈಸ್ತ ಸಮಾಜವು ಸಂಖ್ಯೆಯಲ್ಲಿ ಸಣ್ಣದಾದರೂ ಹೆಣ್ಣುಮಕ್ಕಳ ಓದನ್ನು ಬಲು ಬೇಗ ಕೈಗೆತ್ತಿಕೊಂಡ ಸಮಾಜ. ಅವರ ಸ್ತ್ರೀ ಸಮ್ಮೇಳನಗಳಲ್ಲಿ ಹೆಂಗಸರು ಬೈಬಲನ್ನು ತಾವೇ ಓದುತ್ತಾರೆ, ಹಾಡುತ್ತಾರೆ, ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ಈ ವಿಷಯದಲ್ಲಿ ಮಠದ ಗೋಷ್ಠಿಗಳಿಗಿಂತ ಅವರು ಒಂದು ಹೆಜ್ಜೆ ಮುಂದೆಯೇ ಇದ್ದಾರೆ. ಆದರೆ ಅರ್ಥ ಹೇಳುವ ಹೊತ್ತಿಗೆ ಅಲ್ಲಿಯೂ ಮಾತು ಬಹುಮಟ್ಟಿಗೆ ಸಭಾಪಾಲಕರದು. ಪಾತ್ರೆಯ ಸಪ್ಪಳ ಹಿಂದಿನ ಕೋಣೆಯಿಂದ ಹೆಂಗಸರದು. ಈ ಪ್ರಶ್ನೆ ಬೈಬಲಿಗೆ ಹೊಸದೇನೂ ಅಲ್ಲ. ಲೂಕನ ಸುವಾರ್ತೆಯಲ್ಲಿ ಮಾರ್ಥಾ-ಮರಿಯಾ ಎಂಬ ಅಕ್ಕತಂಗಿಯರ ಕಥೆಯಿದೆ. ಯೇಸುಸ್ವಾಮಿ ಮನೆಗೆ ಬಂದಾಗ ಮಾರ್ಥಾ ಅಡಿಗೆಯ ಗಡಿಬಿಡಿಯಲ್ಲಿದ್ದಾಳೆ. ಮರಿಯಾ ಅವನ ಪಾದದ ಬಳಿ ಕುಳಿತು ಮಾತು ಕೇಳುತ್ತಿದ್ದಾಳೆ. ತಂಗಿಯನ್ನು ಒಳಗೆ ಕಳಿಸೆಂದು ಮಾರ್ಥಾ ದೂರಿದಾಗ ಯೇಸು ಮರಿಯಾಳ ಪಕ್ಷ ವಹಿಸುತ್ತಾನೆ. ಊಟ ಮೇಲೋ ಪಾಠ ಮೇಲೋ ಎಂಬ ವಾದಕ್ಕೆ ಈ ಕಥೆಯನ್ನು ಎಲ್ಲರೂ ಎತ್ತುತ್ತಾರೆ. ಆದರೆ ಮೂರನೆಯದೊಂದು ಪ್ರಶ್ನೆಯನ್ನು ಕೇಳಿದವರು ಕಡಿಮೆ: ಶಿಷ್ಯರೆಂಬ ಗಂಡಸರು ಪಾತ್ರೆ ಹಿಡಿದು ಒಳಗೆ ಹೋಗಿದ್ದರೆ ಮಾರ್ಥೆಗೂ ಪಾಠ ದಕ್ಕುತ್ತಿರಲಿಲ್ಲವೆ? ಸಮಾರ್ಯದ ಬಾವಿಯ ಬಳಿಯ ಹೆಂಗಸಂತೂ ಯೇಸುವಿನೊಡನೆ ಮಾತಿಗೆ ಮಾತು ಕೊಟ್ಟು ಚರ್ಚಿಸಿದವಳು. ಅಲ್ಲಿಯೂ ಕಲಿಸುವ ರೀತಿ ಪ್ರಶ್ನೆ-ಉತ್ತರಗಳದೇ.

'ಹೆಂಗಸರೊಳಗೆ ಮಾತಾಡುವವರು ಸಿಗಬೇಕಲ್ಲ' ಎಂಬುದು ಸಂಘಟಕರ ನಿತ್ಯದ ಆಕ್ಷೇಪ. ಸಿಗುವುದಿಲ್ಲವೆ? ೧೯೭೦ರಲ್ಲಿಯೇ ಮಾತೆ ಮಹಾದೇವಿಯವರು ಧಾರವಾಡದಲ್ಲಿ ಜಗದ್ಗುರು ಪೀಠವೇರಿದರು. ಅವರ ಎಲ್ಲ ನಿಲುವುಗಳನ್ನು ಒಪ್ಪಬೇಕಾದುದಿಲ್ಲ, ಆದರೆ ಅವರು ಮಾತಾಡಲಾರದವರಾಗಿದ್ದರೆಂದು ಅವರ ವಿರೋಧಿಗಳೂ ಹೇಳಲಿಲ್ಲ. ೨೦೧೩ರಲ್ಲಿ ದಕ್ಷಿಣ ಭಾರತ ಸಭೆಯವರು ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತಾ ಅವರನ್ನು ಬಿಷಪ್ಪರನ್ನಾಗಿ ಮಾಡಿದರು. ೨೦೦೩ರಿಂದ ವಿಜಯಪುರದಲ್ಲಿಯೇ ಹೆಂಗಸರಿಗೆಂದು ಒಂದು ವಿಶ್ವವಿದ್ಯಾನಿಲಯವಿದೆ. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರೇ ಇದೆ. ಅಲ್ಲಿ ಓದಿ ಹೊರಬಂದ ಹೆಣ್ಣುಮಕ್ಕಳು ನಮ್ಮ ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ಕಚೇರಿಗಳಲ್ಲಿ ಇದ್ದಾರೆ. ಗ್ರಾಮ ಪಂಚಾಯತಿಗಳಲ್ಲಿ ೨೦೧೦ರಿಂದ ಅರ್ಧದಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾಗಿವೆ. ಇಷ್ಟಿದ್ದೂ ವೇದಿಕೆಗೆ ಒಬ್ಬ ಹೆಂಗಸು ಸಿಗುವುದಿಲ್ಲವೆಂದರೆ ಹುಡುಕುವವರ ಕಣ್ಣಿಗೇ ಏನೋ ಆಗಿದೆ.

ಓದದ ಹೆಂಗಸರಿಗೆ ಏನು ಹೇಳಲು ಬರುತ್ತದೆ ಎಂಬುವವರಿಗೆ ಹಲಸಂಗಿಯನ್ನು ನೆನಪಿಸಬೇಕು. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಆ ಹಳ್ಳಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ಹಾಡುಗಳಿಗೆ ಕಿವಿಗೊಟ್ಟರು. ಕಾಪಸೆ ರೇವಪ್ಪ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರು ಕೂಡಿಸಿದ 'ಗರತಿಯ ಹಾಡು' ೧೯೩೧ರಲ್ಲಿ ಅಚ್ಚಾದಾಗ ಕನ್ನಡದ ಹಿರಿಯ ಕವಿಗಳು ಬೆರಗಾದರು. ಅಕ್ಷರ ಬಾರದ ಗರತಿಯರು ತವರು, ತಾಯಿ, ಹಸಿವು, ಸವತಿ, ಸಾವುಗಳನ್ನು ಕುರಿತು ಮೂರು ಸಾಲಿನ ತ್ರಿಪದಿಯಲ್ಲಿ ಹೇಳಿದ್ದನ್ನು ಇಂದು ನಾವು ಎಂ.ಎ. ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಆ ಗೆಳೆಯರ ದೊಡ್ಡಸ್ತಿಕೆ ಇದರಲ್ಲಿಯೇ ಇದೆ: ಅವರು ಹೆಂಗಸರಿಗೆ ಉಪದೇಶ ಮಾಡಲು ಹೋಗಲಿಲ್ಲ, ಕೇಳಲು ಕುಳಿತರು. ಅಜ್ಜಿಯ ಹಾಡು ಪಠ್ಯಪುಸ್ತಕವಾಗುತ್ತದೆ. ಮೊಮ್ಮಗಳಿಗೆ ಮಾತ್ರ 'ಉಪಸ್ಥಿತಿ'!

ಹೀಗೆ ಕೇಳಲು ಕೂಡುವ ಕ್ರಮ ಇತ್ತೀಚಿನ ಕಾಲದಲ್ಲಿಯೂ ನಮ್ಮ ಜಿಲ್ಲೆಯಲ್ಲಿ ನಡೆದುಬಂದದ್ದುಂಟು. ೧೯೮೯ರಲ್ಲಿ ಕರ್ನಾಟಕದಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ಆರಂಭವಾದಾಗ ಮೊದಲು ಆರಿಸಿದ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಅಲ್ಲಿ ವೇದಿಕೆಯಿರಲಿಲ್ಲ, ಹೆಂಗಸರು ದುಂಡಗೆ ಕೂಡುತ್ತಿದ್ದರು. ಊರಿಗೆ ಬಂದ ಸಹಯೋಗಿನಿಯರು ಮೊದಲು ಕೇಳುತ್ತಿದ್ದದ್ದು 'ನಿಮ್ಮ ಊರಿನ ತೊಂದರೆ ಏನು?' ಎಂದು. ಕುಡಿಯುವ ನೀರು, ಕೂಲಿಯ ದರ, ಸಾರಾಯಿ, ದೇವದಾಸಿ ಪದ್ಧತಿ, ಬಾಲ್ಯವಿವಾಹ ಇವೆಲ್ಲ ಹೆಂಗಸರ ಬಾಯಿಂದಲೇ ಬಂದು ಪಾಠವಾದವು. ಈಗ ಅದು ಹಿಂದಿನ ರೂಪದಲ್ಲಿ ಉಳಿದಿಲ್ಲ. ಆದರೆ ಆ ದುಂಡು ಕೂಡುವ ಕ್ರಮವನ್ನು ಮಠ-ಚರ್ಚುಗಳು ಎತ್ತಿಕೊಳ್ಳಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಪಾಠದ ವಸ್ತುವಿನ ಮಾತಿಗೆ ಬಂದರೆ, ೨೦೧೧ರ ಜನಗಣತಿಯಂತೆ ವಿಜಯಪುರ ಜಿಲ್ಲೆಯಲ್ಲಿ ಓದುಬಲ್ಲ ಹೆಂಗಸರು ನೂರಕ್ಕೆ ೫೭ರ ಆಸುಪಾಸು. ಉಳಿದವರಿಗೆ ಕಿವಿಯೇ ಶಾಲೆ. ಅವರಿಗೆ ಸಿಗುವ ವರ್ಷದ ಒಂದೆರಡು ಪಾಠಗಳನ್ನು ಸಹನೆಯ ಹೊಗಳಿಕೆಯಲ್ಲಿ ಕಳೆಯುವುದು ಹಸಿದವರ ಎಲೆಗೆ ನೀರು ಬಡಿಸಿದ ಹಾಗೆ. ಒಂದೇ ಉದಾಹರಣೆ ಹೇಳುತ್ತೇನೆ. ತಂದೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಪಾಲು ಎಂಬ ಕಾಯಿದೆಯನ್ನು ಕರ್ನಾಟಕ ೧೯೯೪ರಲ್ಲಿ ಮಾಡಿತು. ಅದರಿಂದ ಹೊರಗುಳಿದಿದ್ದ ಮದುವೆಯಾದ ಮಗಳನ್ನೂ ೨೦೦೫ರ ಕೇಂದ್ರದ ತಿದ್ದುಪಡಿ ಒಳಗೆ ತಂದಿತು. ಆದರೆ ನಮ್ಮ ಉಪನೋಂದಣಿ ಕಚೇರಿಗಳ ಮುಂದೆ ಇಂದಿಗೂ ಅಣ್ಣನ ಹಿಂದೆ ಬಂದು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಹೋಗುವ ತಂಗಿಯರನ್ನು ಕಾಣುತ್ತೇವೆ. ಆಲಮಟ್ಟಿಯ ನೀರು ಸಾವಿರಾರು ಎಕರೆ ನುಂಗಿದ ಈ ಸೀಮೆಯಲ್ಲಿ ನೆಲವೆಂದರೆ ಪರಿಹಾರದ ಹಣವೂ ಹೌದು. ತಾನು ಯಾವುದಕ್ಕೆ ಹೆಬ್ಬೆಟ್ಟು ಒತ್ತಿದೆನೆಂಬುದು ಅವಳಿಗೆ ತಿಳಿದಿರಬೇಡವೆ? ಒತ್ತುವುದೂ ಬಿಡುವುದೂ ಅವಳಿಷ್ಟ. ತಿಳಿದು ಒತ್ತಲಿ, ತಿಳಿದು ಬಿಡಲಿ. ಕೇರಳದ ಮೇರಿ ರಾಯ್ ಎಂಬ ಕ್ರೈಸ್ತ ಶಿಕ್ಷಕಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಸಮಪಾಲಿದೆಯೆಂದು ೧೯೮೬ರಲ್ಲಿ ತೀರ್ಪು ತಂದರು. ಅವರ ಕಥೆಯನ್ನು ಎಷ್ಟು ಸ್ತ್ರೀ ಸಮ್ಮೇಳನಗಳಲ್ಲಿ ಹೇಳಿದ್ದಾರೆ?

'ಧರ್ಮದ ಸಭೆಯಲ್ಲಿ ಕೋರ್ಟು-ಕಚೇರಿಯ ಮಾತೇಕೆ?' ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಶರಣರ ವಚನಗಳಲ್ಲಿ ತಕ್ಕಡಿ, ಬಡ್ಡಿ, ಕೂಲಿ, ಕಾಯಕ ಎಲ್ಲವೂ ಬರುತ್ತವೆ. ಬಾಳಿನ ಮಾತು ಬಿಟ್ಟ ಧರ್ಮವನ್ನು ಅವರು ಧರ್ಮವೆನ್ನಲಿಲ್ಲ. ಹಾಗೆಂದು ಪ್ರವಚನವೇ ಬೇಡವೆಂದು ನನ್ನ ವಾದವಲ್ಲ. ೨೦೨೩ರ ಜನವರಿಯಲ್ಲಿ ನಮ್ಮನ್ನಗಲಿದ ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಕ್ಕೆ ನಸುಕಿನಲ್ಲಿ ಸಾವಿರಾರು ಜನ ಬಂದು ಸದ್ದಿಲ್ಲದೆ ಕುಳಿತುಕೊಳ್ಳುತ್ತಿದ್ದರು. ಅಲ್ಲಿಗೆ ಹೋದ ಹೆಂಗಸರು ಊಟಕ್ಕೆ ಹೋದರೆಂದು ಯಾರೂ ನಗಲಿಲ್ಲ. ಹೇಳುವವರಲ್ಲಿ ತಿರುಳಿದ್ದರೆ ಕೇಳುವವರು ಅಡಿಗೆಮನೆಯ ಕಡೆಗೆ ನೋಡುವುದಿಲ್ಲ.

ಉಳಿದದ್ದು ಒಲೆಯ ಪ್ರಶ್ನೆ. ಸಮಾವೇಶದ ಊಟ ಹೆಂಗಸಿಗೆ ಬಿಡುವು ಎಂದು ನಾನು ಮೇಲೆ ಹೇಳಿದೆ; ಆದರೆ ಎಲ್ಲ ಹೆಂಗಸರಿಗೂ ಅಲ್ಲ. ಅನೇಕ ಕಡೆ ಹಿಂದಿನ ರಾತ್ರಿಯಿಂದ ರೊಟ್ಟಿ ಬಡಿದವರು, ಪಾಠ ನಡೆಯುತ್ತಿರುವಾಗ ಹಿತ್ತಲಲ್ಲಿ ಪಾತ್ರೆ ತಿಕ್ಕುವವರು ಆ ಊರಿನ ಹೆಂಗಸರೇ. ನಾನೂರು ಹೆಂಗಸರು ಕೇಳಲೆಂದು ನಲವತ್ತು ಹೆಂಗಸರು ಕೇಳದೆ ಉಳಿಯುತ್ತಾರೆ. ಗಂಡಸರಿಗೆ ಅಡಿಗೆ ಬಾರದೆಂಬ ನೆಪ ಇಲ್ಲಿ ನಡೆಯದು. ನಮ್ಮ ಜಾತ್ರೆಗಳ ದಾಸೋಹದಲ್ಲಿ ದೊಡ್ಡ ಕೊಪ್ಪರಿಗೆಗಳ ಮುಂದೆ ಹುಟ್ಟು ಹಿ಩ಡಿದು ನಿಲ್ಲುವವರು ಗಂಡಸರು. ಮದುವೆ ಮನೆಗಳ ಅಡಿಗೆ ಮಾಡುವವರೂ ಅವರೇ. ಸಾವಿರ ಜನರಿಗೆ ಹುಗ್ಗಿ ಮಾಡಬಲ್ಲ ಕೈಗಳು ನಾನೂರು ಹೆಂಗಸರಿಗೆ ಅನ್ನ ಮಾಡಲಾರದಷ್ಟು ಸೋತಿಲ್ಲ.

ಆದುದರಿಂದ ಮಠಾಧಿಪತಿಗಳಲ್ಲಿ, ಸಭಾಪಾಲಕರಲ್ಲಿ, ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ನಾಲ್ಕೇ. ಮಹಿಳಾ ಸಮಾವೇಶದ ದಿನ ಅಡಿಗೆ, ಬಡಿಸುವುದು, ಎಲೆ ತೆಗೆಯುವುದು ಗಂಡಸರ ಸೇವೆಯಾಗಲಿ. ಉಪನ್ಯಾಸಕರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಲಿ, ಅದೂ ಊಟಕ್ಕೆ ಮುಂಚಿನ ಹೊತ್ತಿನಲ್ಲಿ. ಪ್ರತಿಯೊಂದು ಪಾಠದಲ್ಲಿ ಹೇಳಿದಷ್ಟೇ ಹೊತ್ತು ಕೇಳುವವರ ಪ್ರಶ್ನೆಗೆ ಬಿಟ್ಟಿರಲಿ. ಪ್ರಶ್ನೆ ಬಾರದಿದ್ದರೆ ಸುಮ್ಮನೆ ಕಾಯಲಿ. ವರ್ಷಕ್ಕೊಂದು ಪಾಠವಾದರೂ ಕಾಯಿದೆಯನ್ನೋ ಆರೋಗ್ಯವನ್ನೋ ಕುರಿತು, ಅದನ್ನು ಬಲ್ಲ ಹೆಂಗಸಿನಿಂದಲೇ ಆಗಲಿ. ಇದಕ್ಕೆ ಸರಕಾರದ ಆದೇಶ ಬೇಡ, ಅನುದಾನ ಬೇಡ, ಹೊಸ ಕಟ್ಟಡವೂ ಬೇಡ.

ಇಷ್ಟನ್ನು ಮಾಡುವವರೆಗೆ ಚಹಾದಂಗಡಿಯ ಮಹನೀಯರಾಗಲಿ ಅಧ್ಯಾಪಕರ ಕೊಠಡಿಯ ಪಂಡಿತರಾಗಲಿ ಹೆಂಗಸರು ಊಟಕ್ಕೆ ಹೋಗುತ್ತಾರೆಂದು ನಗುವ ಹಕ್ಕು ಪಡೆದವರಲ್ಲ. ಬಡಿಸಿದ್ದರಲ್ಲಿ ಹುರುಳಿದ್ದದ್ದನ್ನು ಅವರು ಉಂಡು ಬಂದಿದ್ದಾರೆ. ಉಳಿದದ್ದನ್ನು ಎಲೆಯಲ್ಲಿಯೇ ಬಿಟ್ಟು ಬಂದಿದ್ದಾರೆ. ಅದು ಹೆಂಗಸರ ಹೊಟ್ಟೆಬಾಕತನವಲ್ಲ, ವಿವೇಕ.